ಏಳನೆಯ ಸೆಕೆಂಡು

ನನ್ನ ಸೋದರಮಾವನ ಅಂಗಡಿಯಲ್ಲಿ ಎರಡು ರೇಡಿಯೊಗಳಿದ್ದವು. ಒಂದು ಕಿಟಕಿಯ ಕಟ್ಟೆಯ ಮೇಲೆ, ಇನ್ನೊಂದು ಅಂಟಿನ ಡಬ್ಬಗಳ ಮೇಲೆ. ಮುರಿದ ಹಾಕಿ ಸ್ಟಿಕ್ಕುಗಳನ್ನು ರಿಪೇರಿ ಮಾಡುವ ಆ ಒಂದೂವರೆ ಕೋಣೆಯಲ್ಲಿ ಎರಡೂ ಒಟ್ಟಿಗೆ ಮಾತಾಡುತ್ತಿದ್ದುದು ಪಂದ್ಯವಿದ್ದ ದಿನ ಮಾತ್ರ. ಊರಿಗೆ ಎರಡು ಬಾನುಲಿ ಕೇಂದ್ರ, ಕೇಂದ್ರಕ್ಕೊಬ್ಬರು ವೀಕ್ಷಕ ವಿವರಣೆಗಾರರು. ಇಬ್ಬರೂ ನಲವತ್ತು ವರ್ಷದ ಹಳಬರು. ಈ ವರ್ಷದ ಫೈನಲ್ ಮುಗಿದರೆ ಇಬ್ಬರೂ ನಿವೃತ್ತರು. ಕಿಟಕಿಯ ರೇಡಿಯೊದಲ್ಲಿ ಬರುವವರನ್ನು ಜನ ಗುಡುಗಪ್ಪ ಎನ್ನುತ್ತಿದ್ದರು, ಅಂಟಿನ ಡಬ್ಬದ ಮೇಲಿನ ರೇಡಿಯೊದಲ್ಲಿ ಬರುವವರನ್ನು ಗಪ್‌ಚಿಪ್ಪು. ಗಪ್‌ಚಿಪ್ಪು ನನ್ನ ಅಪ್ಪ.

ಅಂಗಡಿಗೆ ಒಂದು ಕಾನೂನಿತ್ತು. ಗೋಲು ಹೊಡೆದವನು ಯಾರೆಂದು ಯಾರು ಮೊದಲು ಹೇಳುತ್ತಾರೋ ಅವರ ರೇಡಿಯೊದ ದನಿಯನ್ನು ಮುಂದಿನ ಗೋಲಿನವರೆಗೆ ಒಂದು ಗೆರೆ ಏರಿಸಬಹುದು. ಆದ್ದರಿಂದ ಹೆಚ್ಚಿನ ಪಂದ್ಯಗಳಲ್ಲಿ ಅಪ್ಪನ ದನಿ ಗುಡುಗಪ್ಪನ ಕೆಳಗೆ ಎಲ್ಲೋ ಹೂತುಹೋಗಿರುತ್ತಿತ್ತು. ನಾನು ಸ್ಟಿಕ್ಕಿನ ಹಿಡಿಗೆ ಪಟ್ಟಿ ಸುತ್ತುತ್ತಾ, ಹೂತುಹೋದ ಆ ದನಿಯನ್ನು ಕಿವಿಯಿಂದ ಕೆದಕಿ ತೆಗೆಯುತ್ತಿದ್ದೆ.

ಜಗಳವೆಲ್ಲ ಪೆನಾಲ್ಟಿ ಕಾರ್ನರಿನದು. ಗೋಲಿನ ಗೆರೆಯಿಂದ ಒಬ್ಬ ಚೆಂಡನ್ನು ತಳ್ಳುತ್ತಾನೆ, ಮುಂದಿನ ಅರ್ಧವೃತ್ತದ ಆಚೆ ಇನ್ನೊಬ್ಬ ಅದನ್ನು ತಡೆದು ನಿಲ್ಲಿಸುತ್ತಾನೆ, ಮೂರನೆಯವನು ಬಾರಿಸುತ್ತಾನೆ. ಚೆಂಡು ಆ ಅರ್ಧವೃತ್ತ ದಾಟಿ ಹೊರಗೆ ಹೋಗಿಯೇ ಒಳಗೆ ಬರಬೇಕು, ಇಲ್ಲದಿದ್ದರೆ ಗೋಲಿಗೆ ಲೆಕ್ಕವಿಲ್ಲ. ಎಲ್ಲವೂ ಎರಡು ಮೂರು ಸೆಕೆಂಡಿನ ವ್ಯವಹಾರ. ಗುಡುಗಪ್ಪ ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸಿ, ಕೊನೆಗೆ ಮಾಡು ಹಾರಿಹೋಗುವಂತೆ ಕೂಗುತ್ತಿದ್ದರು. ಅಪ್ಪ "ಚೆಂಡು ಹೊರಟಿತು" ಎಂದವರೇ ಸುಮ್ಮನಾಗಿಬಿಡುತ್ತಿದ್ದರು. ಆ ಮೌನದಲ್ಲಿ ಮೈದಾನ ಕೇಳಿಸುತ್ತಿತ್ತು: ಬೂಟುಗಳ ದಡಬಡ, ಗೋಲ್‌ಕೀಪರನ ಕೂಗು, ಕಡೆಗೆ ಗೋಲಿನ ಹಿಂಬದಿಯ ಹಲಗೆಗೆ ಚೆಂಡು ಬಡಿದ ಠಪ್ ಎಂಬ ಸದ್ದು. ಅದಾದ ಮೇಲೆ ಅಪ್ಪ "ಗೋಲು" ಎನ್ನುತ್ತಿದ್ದರು, ದಾರಿಯಲ್ಲಿ ಯಾರೋ ಗಂಟೆ ಎಷ್ಟೆಂದು ಕೇಳಿದ್ದಕ್ಕೆ ಉತ್ತರ ಕೊಟ್ಟಷ್ಟು ತಣ್ಣಗೆ.

"ಮನೇಲೂ ಮಾತಾಡಲ್ಲ, ರೇಡಿಯೊದಲ್ಲೂ ಮಾತಾಡಲ್ಲ. ಇವರನ್ನ ಯಾವ ಪುಣ್ಯಾತ್ಮ ಕೆಲಸಕ್ಕೆ ತಗೊಂಡ ಅಂತ" ಎಂದು ಅಮ್ಮ ಆಗಾಗ ಅನ್ನುತ್ತಿದ್ದಳು. ಆದರೂ ಅಪ್ಪನ ಒಂದು ಪಂದ್ಯವನ್ನೂ ಅವಳು ಕೇಳದೆ ಬಿಟ್ಟವಳಲ್ಲ.

ಫೈನಲ್ಲಿನ ಹಿಂದಿನ ದಿನ ಅಂಗಡಿಯಲ್ಲಿ ನಾಲ್ಕೇ ಜನ ಇದ್ದೆವು. ಮಾವ ಒಂದು ಸ್ಟಿಕ್ಕಿನ ಬಾಗಿದ ತುದಿಗೆ ಉಪ್ಪುಕಾಗದ ತಿಕ್ಕುತ್ತಿದ್ದ. ಬಾಗಿಲ ಬಳಿಯ ಸ್ಟೂಲಿನಲ್ಲಿ ಡ್ಯೂಟಿ ಮುಗಿಸಿ ಬಂದ ಬಸ್ ಕಂಡಕ್ಟರ್. ಒಳಗಡೆ, ಇದ್ದ ಒಂದೇ ಕುರ್ಚಿಯಲ್ಲಿ ನರ್ಸಕ್ಕ. ಆಕೆ ಒಂದು ಕಾಲದಲ್ಲಿ ಆಸ್ಪತ್ರೆಯ ಹೆಂಗಸರ ತಂಡದ ಗೋಲ್‌ಕೀಪರ್ ಆಗಿದ್ದವರು, ಈಗ ಮೊಣಕಾಲು ನೋವಿನವರು. ಮಾವ ಮತ್ತು ಕಂಡಕ್ಟರ್ ಗುಡುಗಪ್ಪನ ಕಡೆ. ನರ್ಸಕ್ಕ ಒಬ್ಬರೇ ಅಪ್ಪನ ಕಡೆ. ನಾನು ಮಗಳಾದ್ದರಿಂದ ಬಾಯಿ ಬಿಡುವಂತಿರಲಿಲ್ಲ.

"ನಮ್ಮ ಭಾವ ಒಳ್ಳೆಯವರೇ" ಎಂದ ಮಾವ. "ನನ್ನ ಅಕ್ಕನ್ನ ಕೊಟ್ಟಿದೀವಿ, ಕೆಟ್ಟವರು ಅಂತ ಹೇಳೋಕಾಗತ್ತಾ? ಆದರೆ ಹಾಕಿ ಅಂದ್ರೆ ಮೈ ಜುಮ್ ಅನ್ನಬೇಕು. ಅವರದ್ದು ಕೇಳಿದ್ರೆ ಸಂತಾಪ ಸಭೆ ಇದ್ದಂಗಿರತ್ತೆ."

"ನಿಮ್ಮ ಗುಡುಗಪ್ಪ ಚೆಂಡು ಬೇಲಿ ಆಚೆ ಹೋದ್ರೂ ಗೋಲು ಅಂತಾನೆ" ಎಂದರು ನರ್ಸಕ್ಕ. "ಕುರುಡರ ಹತ್ತಿರ ಬಣ್ಣ ಮಾರೋನು ಅವನು."

"ಕುರುಡರ ಮಾತು ಯಾಕೆ ಎತ್ತಿದ್ರಿ ನರ್ಸಕ್ಕ?" ಕಂಡಕ್ಟರ್ ನಕ್ಕ. "ಹೋದ ವಾರ ನಿಮ್ಮ ಗಪ್‌ಚಿಪ್ಪು ನನ್ನ ಬಸ್ಸಿನ ಎದುರಿಗೇ ನಿಂತು, ಇದು ಯಾವ ನಂಬರು ಅಂತ ನನ್ನನ್ನೇ ಕೇಳಿದ್ರು. ಬಸ್ಸಿನ ಹಣೆ ಮೇಲೆ ಕುಂಬಳಕಾಯಿ ಗಾತ್ರಕ್ಕೆ ಬರೆದಿದೆ! ಬಸ್ಸಿನ ನಂಬರು ಕಾಣದವರಿಗೆ ಆಟಗಾರರ ಬೆನ್ನಿನ ನಂಬರು ಕಾಣತ್ತಾ?"

ಮಾವನ ಉಪ್ಪುಕಾಗದ ನಿಂತಿತು. ಅವನು ನನ್ನ ಕಡೆ ನೋಡಿದ. ನಾನು ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿದೆ.

ಕಂಡಕ್ಟರ್ ಹೋದ ಮೇಲೆ ನರ್ಸಕ್ಕ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ನಾಡಿ ಎಣಿಸಿ ಎಣಿಸಿ ಅವರಿಗೆ ಸೆಕೆಂಡು ಎಣಿಸುವುದು ಉಸಿರಾಟದಷ್ಟೇ ಸಲೀಸಾಗಿತ್ತು. "ಮೊದಲೆಲ್ಲ ನಿಮ್ಮಪ್ಪ ಕಾರ್ನರಿಗೆ ಮೂರು ಸೆಕೆಂಡು ಸುಮ್ಮನಿರ್ತಿದ್ರು. ಈ ಸಲ ನಾಲ್ಕಾಗಿದೆ, ಐದಾಗಿದೆ. ಕಣ್ಣು ಹೇಗಿದೆ ಮಗಾ ಅವರದ್ದು?"

"ಚೆನ್ನಾಗಿದೆ" ಎಂದೆ.

ಚೆನ್ನಾಗಿರಲಿಲ್ಲ. ಎಡಗಣ್ಣಿನಲ್ಲಿ ಪೊರೆ ಬಲಿತಿತ್ತು, ಬಲಗಣ್ಣಿನಲ್ಲಿ ಶುರುವಾಗಿತ್ತು. ಡಾಕ್ಟರು ಮೂರು ತಿಂಗಳ ಹಿಂದೆಯೇ ಆಪರೇಷನ್ ಅಂದಿದ್ದರು. ಫೈನಲ್ ಮುಗಿಯಲಿ ಎಂದು ಅಪ್ಪ ಮುಂದಕ್ಕೆ ಹಾಕಿದ್ದರು. ಇದು ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ. ನನ್ನನ್ನು ಮೈದಾನದ ಕಾಮೆಂಟರಿ ಗೂಡಿಗೆ ಕರೆದುಕೊಂಡು ಹೋಗಿ, ನಾನು ಪಕ್ಕದಲ್ಲಿ ಕೂತು ನಂಬರು ಹೇಳುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೆ.

"ನೀನು ನೋಡಿದ್ದನ್ನ ನಾನು ಹೇಳಿದ್ರೆ ಅದು ಕಾಮೆಂಟರಿ ಅಲ್ಲಮ್ಮ, ಚಾಡಿ" ಎಂದಿದ್ದರು ಅಪ್ಪ.

ಬದಲಿಗೆ ಅವರು ನಾಲ್ಕು ದಿನ ಬೆಳಗ್ಗೆ ಎರಡೂ ತಂಡಗಳ ಅಭ್ಯಾಸಕ್ಕೆ ಹೋದರು. ಗೆರೆಯ ಪಕ್ಕ ನಿಂತು ಒಬ್ಬೊಬ್ಬ ಆಟಗಾರನ ಓಟವನ್ನು ಕಲಿತರು. ಯಾರು ಹೆಗಲು ಎಡಕ್ಕೆ ವಾಲಿಸಿ ಓಡುತ್ತಾನೆ, ಯಾರು ಚೆಂಡು ಬರುವ ಮೊದಲು ಎರಡು ಹೆಜ್ಜೆ ಕುಪ್ಪಳಿಸುತ್ತಾನೆ, ಯಾರ ಮೊಣಕಾಲು ಒಳಗೆ ತಿರುಗಿದೆ. ಮನೆಗೆ ಬಂದು ಹಜಾರದಲ್ಲಿ ಅವರಂತೆಯೇ ನಡೆದು ತೋರಿಸಿ, ಯಾರಿವನು ಹೇಳು ಎಂದು ನನ್ನನ್ನು ಕೇಳುತ್ತಿದ್ದರು. ಇಪ್ಪತ್ತೆರಡು ಜನರ ನಡಿಗೆ. ಅರವತ್ತು ದಾಟಿದ ಮನುಷ್ಯ ಕುಪ್ಪಳಿಸುವುದನ್ನು ನೋಡಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ.

ಆಟಗಾರರ ನಡಿಗೆಯನ್ನು ಕಲಿಯಬಹುದು. ಆದರೆ ಚೆಂಡಿಗೆ ಓಟವಿದೆ, ನಡಿಗೆಯಿಲ್ಲ. ನನಗಿದ್ದ ಭಯ ಅದೊಂದೇ. ನಲವತ್ತು ವರ್ಷ ಒಂದು ಸುಳ್ಳು ಗೋಲನ್ನೂ ಕರೆಯದ ಮನುಷ್ಯ ಕಡೆಯ ದಿನ ಊರಿನ ಬಾಯಿಗೆ ಬೀಳಬಾರದು.

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಬಂದರಿನ ತಂಡಕ್ಕೂ ರೈಲ್ವೆ ತಂಡಕ್ಕೂ ಪಂದ್ಯ ಶುರುವಾಯಿತು. ಕಂಡಕ್ಟರ್ ರಜೆ ಹಾಕಿ ಬಂದಿದ್ದ. ಮಾವ ಅಂಗಡಿಯ ಅರ್ಧ ಬಾಗಿಲು ಎಳೆದಿದ್ದ.

ಮೊದಲ ಗೋಲು ಬಂದರಿನವರದು, ಹೊಡೆದವನನ್ನು ಮೊದಲು ಹೇಳಿದವರು ಗುಡುಗಪ್ಪ. ಕಿಟಕಿಯ ರೇಡಿಯೊ ಒಂದು ಗೆರೆ ಏರಿತು. ಎರಡನೆಯದು ರೈಲ್ವೆಯವರದು. ಗೋಲಿನ ಮುಂದೆ ಏಳೆಂಟು ಕಾಲುಗಳ ಗೋಜಲು, ಅದರ ನಡುವಿನಿಂದ ಚೆಂಡು ನುಸುಳಿತ್ತು. ಗುಡುಗಪ್ಪ "ಯಾರು, ಯಾರು ಅವನು" ಎಂದು ತಡಕಾಡುತ್ತಿರುವಾಗಲೇ ಅಪ್ಪ "ರೈಲ್ವೆಯ ಹದಿನಾಲ್ಕು" ಎಂದರು. ಹದಿನಾಲ್ಕು ಆ ಕುಪ್ಪಳಿಸುವ ಹುಡುಗ.

"ಏನು ತಮ್ಮಾ, ಬಸ್ಸಿನ ನಂಬರು ಕಾಣಲ್ಲ ಅಂದೆ?" ಎಂದು ನರ್ಸಕ್ಕ ಕಂಡಕ್ಟರನ ಕಿವಿ ಹಿಂಡಿ, ತಾವೇ ಕುಂಟುತ್ತಾ ಹೋಗಿ ಅಪ್ಪನ ರೇಡಿಯೊದ ದನಿ ಏರಿಸಿದರು. ನಾನು ಮುಖ ತಿರುಗಿಸಿಕೊಂಡು ಅಂಟಿನ ಡಬ್ಬದ ಮುಚ್ಚಳ ತೆಗೆದೆ, ಹಾಕಿದೆ.

ಮೂರನೆಯ ಗೋಲು ಮತ್ತೆ ಬಂದರಿನವರದು. ಎರಡು–ಒಂದು. ಇನ್ನು ಒಂದೂವರೆ ನಿಮಿಷವಿದೆ ಎನ್ನುವಾಗ ರೈಲ್ವೆಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು.

ಅಂಗಡಿಯಲ್ಲಿ ಎಲ್ಲರೂ ಎದ್ದು ನಿಂತರು. ಗುಡುಗಪ್ಪನ ದನಿ ಮೊದಲ ಮೆಟ್ಟಿಲು ಹತ್ತಿತು. ಅಪ್ಪ ಹೇಳಿದರು: "ಚೆಂಡು ಹೊರಟಿತು."

ಆಮೇಲೆ ಸುಮ್ಮನಾದರು.

ಠಪ್ ಎಂದಿತು ಹಲಗೆ. ಎರಡೂ ರೇಡಿಯೊಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು. ಗುಡುಗಪ್ಪ ಕೂಗಿದರು. ಅದು ನಲವತ್ತು ವರ್ಷದ ಕೂಗು, ಎಲ್ಲವನ್ನೂ ಅದರಲ್ಲೇ ಸುರಿದುಬಿಟ್ಟಿದ್ದರು. ಗೋಲು, ಗೋಲು, ಸಮಬಲ, ಕೇಳುಗರೇ, ಸಮಬಲ! ಮಾವ ಮತ್ತು ಕಂಡಕ್ಟರ್ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಂಟಿನ ಡಬ್ಬದ ಮೇಲಿನ ರೇಡಿಯೊದಲ್ಲಿ ಜನರ ಗದ್ದಲ ಬಿಟ್ಟರೆ ಏನೂ ಇರಲಿಲ್ಲ. ನರ್ಸಕ್ಕನ ತುಟಿ ಅಲುಗುತ್ತಿತ್ತು. ನಾಲ್ಕು. ಐದು.

"ಹೇಳಿ ಸರ್, ಹೇಳಿ" ಎಂದ ಕಂಡಕ್ಟರ್. "ಹಲಗೆ ಬಡಿದಾಯ್ತಲ್ಲ!"

ಆರು. ಏಳು.

"ಕೇಳುಗರು ಕ್ಷಮಿಸಬೇಕು" ಎಂದರು ಅಪ್ಪ. ದನಿ ಎಂದಿನಷ್ಟೇ ತಣ್ಣಗಿತ್ತು. "ಚೆಂಡು ಹಲಗೆಗೆ ಬಡಿದದ್ದು ನಿಮಗೆ ಕೇಳಿಸಿದೆ, ನನಗೂ ಕೇಳಿಸಿತು. ಆದರೆ ಅದು ಅರ್ಧವೃತ್ತ ದಾಟಿತೋ ಇಲ್ಲವೋ ನನಗೆ ಕಾಣಲಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ. ಅಂಪೈರ್ ಏನು ಹೇಳುತ್ತಾರೆಂದು ಕಾಯುತ್ತಿದ್ದೇನೆ."

ಮಾವ ಕಂಡಕ್ಟರನ ಹೆಗಲಿನಿಂದ ಕೈ ತೆಗೆದ. ಇಷ್ಟು ದಿನ ಅಮ್ಮ ಮತ್ತು ನಾನು ಬಚ್ಚಿಟ್ಟದ್ದನ್ನು ಅವರೇ ಇಡೀ ಊರಿಗೆ ಹೇಳಿದ್ದರು, ಅದೂ ಯಾರೂ ಕೇಳದೆ.

ಎರಡು ಕ್ಷಣ ಕಳೆದಿರಬಹುದು. "ಅಂಪೈರ್ ಎರಡೂ ಕೈಗಳನ್ನು ಅಡ್ಡ ಚಾಚಿದ್ದಾರೆ" ಎಂದರು ಅಪ್ಪ. "ಗೋಲು ಇಲ್ಲ. ಚೆಂಡು ಅರ್ಧವೃತ್ತ ದಾಟಿರಲಿಲ್ಲ. ಬಂದರು ಎರಡು, ರೈಲ್ವೆ ಒಂದು."

ಕಿಟಕಿಯ ರೇಡಿಯೊ ಒಂದು ಗಳಿಗೆ ಸ್ತಬ್ಧವಾಯಿತು. ಗುಡುಗಪ್ಪನ ಬಾಯಿಂದ ಆ ಬಗೆಯ ಮೌನವನ್ನು ನಾವು ಯಾರೂ ಕೇಳಿರಲಿಲ್ಲ. ಆಮೇಲೆ ಅವರು ಹೇಳಿದರು: "ನನ್ನ ಬಾಯಿ ನನ್ನ ಕಣ್ಣಿಗಿಂತ ಮುಂದೆ ಓಡಿತು, ಕೇಳುಗರೇ. ತಪ್ಪಾಯಿತು."

ಪಂದ್ಯ ಹಾಗೆಯೇ ಮುಗಿಯಿತು. ಯಾರೂ ಯಾವ ರೇಡಿಯೊದ ದನಿಯನ್ನೂ ಮುಟ್ಟಲಿಲ್ಲ.

ಮೊದಲು ಮಾತಾಡಿದವನು ಮಾವ. ಅವನಿಗೆ ಸಿಟ್ಟು ಬಂದಿತ್ತು. "ಭಾವನಿಗೆ ಬುದ್ಧಿ ಇದೆಯಾ? ಇನ್ನೊಂದು ಎರಡು ಸೆಕೆಂಡು ಬಾಯಿ ಮುಚ್ಕೊಂಡಿದ್ರೆ ಅಂಪೈರ್ ಕೈ ಚಾಚತಿದ್ದ. ಗಪ್‌ಚಿಪ್ಪು ಒಬ್ಬನಿಗೇ ಮೊದಲೇ ಕಾಣ್ತು, ಅದಕ್ಕೇ ಗೋಲು ಅನ್ನಲಿಲ್ಲ ಅಂತ ಊರೆಲ್ಲ ಹೊಗಳತಿತ್ತು!"

"ಹದ್ದಿನ ಕಣ್ಣು ಅಂತಿದ್ವಿ" ಎಂದ ಕಂಡಕ್ಟರ್ ಮೆಲ್ಲಗೆ. "ನಾನೇ ಅಂತಿದ್ದೆ. ನಾಳೆ ಬಸ್ ಹತ್ತಿದೋರಿಗೆಲ್ಲ ಹೇಳತಿದ್ದೆ."

ಅವರಿಬ್ಬರೂ ಹೇಳಿದ್ದು ನನ್ನೊಳಗೆ ನಿಧಾನಕ್ಕೆ ಇಳಿಯಿತು. ಅಪ್ಪ ಸುಮ್ಮನಿರುವುದನ್ನೇ ಕಸುಬು ಮಾಡಿಕೊಂಡವರು. ಅವತ್ತು ಸುಮ್ಮನಿದ್ದರೆ ಸಾಕಾಗಿತ್ತು. ಅವರ ಮೌನವೇ ಅವರ ಪರವಾಗಿ ಒಂದು ಸುಳ್ಳು ಹೇಳುತ್ತಿತ್ತು, ಎಲ್ಲರೂ ನಂಬುತ್ತಿದ್ದರು, ಬಹುಶಃ ನಾನೂ. ನನ್ನನ್ನೇ ಇನ್ನೊಂದು ಪ್ರಶ್ನೆ ಕೇಳಿಕೊಂಡೆ. ಅದು ನಿಜವಾಗಿಯೂ ಗೋಲೇ ಆಗಿದ್ದಿದ್ದರೆ? ಎಲ್ಲರಿಗೂ ಕಂಡ ಗೋಲು ಕಾಣದ ಮುದುಕ ಎಂದು ಜನ ನಗುತ್ತಿರುವಾಗ, ನನಗೆ ಈಗಿನ ಈ ಹೆಮ್ಮೆ ಇರುತ್ತಿತ್ತೇ? ಇರುತ್ತಿತ್ತು ಎಂದು ಕೂಡಲೇ ಹೇಳಿಕೊಳ್ಳಲು ಆಗಲಿಲ್ಲ. ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಹೇಳಿಕೊಂಡೆ.

ಐದೂವರೆಗೆ ಅಪ್ಪ ಬಂದರು. ಪ್ರತಿ ಪಂದ್ಯದ ನಂತರ ನನ್ನನ್ನು ಕರೆದುಕೊಂಡು ಮನೆಗೆ ಹೋಗುವುದು ಅವರ ಪದ್ಧತಿ. ಅರ್ಧ ಎಳೆದ ಬಾಗಿಲಿನ ಕೆಳಗೆ ತಲೆ ತಗ್ಗಿಸಿ ಒಳಗೆ ಬಂದರು. ಕಂಡಕ್ಟರ್ ಎದ್ದು ಸ್ಟೂಲು ಬಿಟ್ಟುಕೊಟ್ಟ.

"ನರ್ಸಕ್ಕ, ಎಷ್ಟಾಯ್ತು?" ಎಂದರು ಅಪ್ಪ, ಕೂತು ಬೂಟಿನ ಲೇಸು ಸಡಿಲಿಸುತ್ತಾ.

"ಏಳು."

"ಹೆಚ್ಚಾಯ್ತು. ಮೂರಕ್ಕೇ ಹೇಳಬೇಕಿತ್ತು." ಅವರು ಲೇಸಿನಿಂದ ಕಣ್ಣೆತ್ತಲಿಲ್ಲ. "ಅಂಪೈರ್ ಮೊದಲು ಕೈ ಚಾಚಲಿ ಅಂತ ನಾಲ್ಕು ಸೆಕೆಂಡು ಆಸೆಪಟ್ಟೆ."

ಮಾವನ ಸಿಟ್ಟು ಅಲ್ಲಿಗೆ ಕರಗಿತು. ಆದರೂ ಸೋಲೊಪ್ಪುವ ಜಾತಿಯವನಲ್ಲ ಅವನು. "ಅದೆಲ್ಲ ಸರಿ ಭಾವ, ಆದ್ರೂ ಕಾಮೆಂಟರಿ ಅಂತ ನೋಡಿದ್ರೆ ಗುಡುಗಪ್ಪನೇ ದೊಡ್ಡವನು. ಕೋಪ ಮಾಡ್ಕೋಬೇಡಿ."

"ಕೋಪ ಯಾಕಪ್ಪ? ನಿಜಾನೇ ಹೇಳಿದೆ" ಎಂದರು ಅಪ್ಪ. "ಅವನ ಕೂಗಿಗೆ ಪಕ್ಕದ ಗೂಡಿನಲ್ಲಿ ನನಗೇ ಮೈ ಜುಮ್ ಅಂತಿತ್ತು, ನಲವತ್ತು ವರ್ಷ. ಇವತ್ತು ಮುಗಿದ ಮೇಲೆ ಬಂದು ನನ್ನ ಕೈ ಹಿಡ್ಕೊಂಡ. ದನಿ ಪೂರ್ತಿ ಒಡೆದು ಹೋಗಿತ್ತು, ಮಾತೇ ಹೊರಡಲಿಲ್ಲ. ಅವನೇ ದೊಡ್ಡವನು."

"ಕೇಳಿದ್ರಾ! ಸ್ವತಃ ಭಾವನೇ ಒಪ್ಪಿಕೊಂಡ್ರು!" ಮಾವ ಮೇಜು ಗುದ್ದಿದ. ನರ್ಸಕ್ಕ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ನಾನು ಸುತ್ತುತ್ತಿದ್ದ ಸ್ಟಿಕ್ಕನ್ನು ಕೆಳಗಿಟ್ಟೆ.

"ಅಲ್ಲ. ನಮ್ಮಪ್ಪನೇ ದೊಡ್ಡವರು."

ಆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ವಿಷಯದಲ್ಲಿ ನಾನು ಆಡಿದ ಮೊದಲ ಮಾತು ಅದು. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿ ಬಂದಿತ್ತು. ಅಪ್ಪ ತಲೆಯೆತ್ತಿ, ನಾನು ಇದ್ದ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಮಗಳ ಓಟು ಲೆಕ್ಕಕ್ಕಿಲ್ಲ" ಎಂದ ಮಾವ.

"ಯಾಕಿಲ್ಲ? ಯಾವ ಕಾನೂನಿನಲ್ಲಿ ಬರೆದಿದೆ?" ಎಂದರು ನರ್ಸಕ್ಕ.

"ಹಾಗಾದ್ರೆ ಬಾಮೈದನ ಓಟು ಲೆಕ್ಕಕ್ಕಿದೆಯಾ?" ಎಂದ ಕಂಡಕ್ಟರ್. ಮಾವ ಅವನ ಕಡೆ, ತನ್ನ ಪಕ್ಷದವನು ಕೈಕೊಟ್ಟನಲ್ಲ ಎಂಬಂತೆ ಬಾಯಿ ತೆರೆದು ನೋಡಿದ. ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಅಪ್ಪ ಅದರ ನಡುವೆ ಸ್ಟೂಲಿನಲ್ಲಿ ಕೂತು, ಒಂದು ಮಾತೂ ಆಡದೆ, ಪೂರ್ತಿ ಕೇಳಿದರು.