ಹಿಮ್ಮಡಿಯ ನಾಲ್ಕು ಹನಿ

“ಅನ್ನೆಲ್ಡ್ ದಿನದ ಕೂಸಿನ್ ರಕ್ತ ತಗಂಡೋಗಿ ಅದೇನ್ ಕಡ್ದು ಕಟ್ಟೆ ಆಕ್ತೀರವ್ವ?” ಎಂದು ಚಿಕ್ಕಬೀರಮ್ಮ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

ನರ್ಸಮ್ಮ ವಿಮಲಮ್ಮನವರಿಗೆ ಉತ್ತರ ಗೊತ್ತಿತ್ತು. ಕಟ್ಟೆಮಳಲವಾಡಿಯಿಂದ ಆಚೆಗಿನ ಈ ಹಳ್ಳಿಗೆ ಹಿಂದಿನ ವಾರ ಬಂದಿದ್ದ ಮೈಸೂರಿನ ಡಾಕ್ಟರ್ ಉಮಾಶಂಕರ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದ್ದರು. ಬಸುರಿಗೆ ಧನುರ್ವಾಯುವಿನ ಸೂಜಿ ಎರಡು ಸಲ ಹಾಕಿದರೆ ಅವಳ ರಕ್ತದಲ್ಲಿ ಆ ರೋಗವನ್ನು ತಡೆಯುವ ಆಂಟಿಬಾಡಿ ಹುಟ್ಟುತ್ತದೆ. ಅದು ಹೊಟ್ಟೆಯೊಳಗಿನ ಕೂಸಿಗೂ ಇಳಿಯುತ್ತದೆ. ಹೊಸ ಕೂಸಿಗೆ ಸ್ವಂತದ್ದೇನೂ ಇರುವುದಿಲ್ಲ, ಇದ್ದದ್ದೆಲ್ಲ ತಾಯಿ ಕೊಟ್ಟದ್ದು. “ಹಿಮ್ಮಡಿಯಿಂದ ನಾಲ್ಕು ಹನಿ ಈ ಕಾಗದಕ್ಕೆ ಒತ್ತಿ ತನ್ನಿ, ಸಾಕು. ತಾಯಿಗೆ ಸೂಜಿ ಬಿದ್ದಿತ್ತೋ ಇಲ್ವೋ ಅಂತ ಮಗುವೇ ಹೇಳುತ್ತೆ,” ಎಂದು ನಕ್ಕು, ಹತ್ತು ಕೂಸುಗಳ ಪಟ್ಟಿ ಕೊಟ್ಟು ಹೋಗಿದ್ದರು. ಆ ನಗೆಯಲ್ಲಿ ಸೇರಿಕೊಳ್ಳಲು ವಿಮಲಮ್ಮನವರಿಗೆ ಸ್ವಲ್ಪ ಹೊತ್ತು ಹಿಡಿದಿತ್ತು.

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಹುಣಸೂರು ಸೀಮೆಯಲ್ಲಿ ಬಸುರಿಯರು ಎಂದು ಬೇರೆ ಇರುವುದಿಲ್ಲ. ಎಲ್ಲರೂ ಎಲೆ ಕಟ್ಟುವವರೇ. ತಿಂಗಳಿಗೊಮ್ಮೆಯ ಸೂಜಿ ಶಿಬಿರದ ದಿನ ಮದ್ದಿನ ಐಸ್ ಪೆಟ್ಟಿಗೆ ಇಟ್ಟುಕೊಂಡು ಬೆಳಗಿನಿಂದ ಕೂತರೂ ಕೆಲವರು ಬರುತ್ತಿರಲಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಾಗಿಲಿಗೇ ಹೋದರೆ, “ನಾಳೆ ಬತ್ತೀನಿ ಓಗಕ್ಕ” ಎಂಬ ಸಾಗಹಾಕುವಿಕೆ. ಗುರಿ ಮಾತ್ರ ನೂರಕ್ಕೆ ನೂರು ಆಗಬೇಕು. ಹಾಗಾಗಿ ಬಾರದವರ ಕಾರ್ಡಿನಲ್ಲೂ ಎರಡು ತಾರೀಖು ಬರೆದುಬಿಡುವುದು ವಿಮಲಮ್ಮನವರ ಪದ್ಧತಿ. ಅಕ್ಷರ ಮುದ್ದಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಪಟ್ಟಿಯ ಹತ್ತು ತಾಯಂದಿರಲ್ಲಿ ಅಂಥವಳು ಒಬ್ಬಳೇ, ಚಿಕ್ಕಬೀರಮ್ಮನ ಸೊಸೆ ಬೃಂದಾ. ಆದರೆ ಒಂದು ಕೂಸು ಬಾಯಿಬಿಟ್ಟರೂ ಸಸ್ಪೆಂಡ್. ನಿವೃತ್ತಿಗೆ ಇನ್ನು ಎರಡೇ ವರ್ಷ.

“ಆಯ್ತು ಬುಡವ್ವ, ಚುಚ್ಚಲ್ಲ,” ಎಂದರು.

“ನೀವು ಮನ್ಸರಲ್ಲ ಕಣ್ರವ್ವ, ದ್ಯಾವ್ರು!” ಎಂದು ಚಿಕ್ಕಬೀರಮ್ಮ ಅವರ ಚೀಲಕ್ಕೆ ಎರಡು ಮೊರ ಅವರೆಕಾಯಿ ಸುರಿದಳು. ದೇವರು ಬೇಡವೆನ್ನಲಿಲ್ಲ.

ಪಕ್ಕದ ಮನೆಯ ಸುನಂದಮ್ಮನ ಮೊಮ್ಮಗನಿಗೆ ಇಪ್ಪತ್ತು ದಿನ. ಅವನ ತಾಯಿಗೆ ಎರಡು ಸೂಜಿಯನ್ನೂ ವಿಮಲಮ್ಮ ಕೈಯಾರೆ ಹಾಕಿದ್ದರು. ಹಿಮ್ಮಡಿ ಚುಚ್ಚಿ ಒಂದು ಕಾಗದ ತುಂಬಿಸಿದರು. ಆಮೇಲೆ ಇನ್ನೊಂದು ತೆಗೆದು ಮತ್ತೆ ಹಿಂಡಿದರು. ಕೂಸು ಉಸಿರುಕಟ್ಟಿ ಅತ್ತಿತು.

“ಇದ್ಯಾಕ್ರವ್ವ, ಒಂದ್ ಮಗೀಗೆ ಎಲ್ಡ್ ಕಾಗ್ದ?” ಎಂದಳು ಸುನಂದಮ್ಮ.

“ಒಂದು ತಾಲ್ಲೂಕಿಗೆ, ಒಂದು ಜಿಲ್ಲೆಗೆ.”

“ಗೇಣುದ್ದ ಕೂಸಿಗೂ ಎಲ್ಲಾ ಕಚೇರಿ ಸುತ್ತೋ ಕರ್ಮವೇ, ಸಿವನೇ!”

ಎರಡನೆಯ ಕಾಗದದ ಮೇಲೆ ವಿಮಲಮ್ಮ ‘ಬೃಂದಾ ಅವರ ಹೆಣ್ಣುಮಗು’ ಎಂದು ಬರೆದರು.

ಯುಗಾದಿ ಕಳೆದ ಮೇಲೆ ಹುಣಸೂರಿನಲ್ಲಿ ನಡೆದ ಸಭೆಗೆ ಉಮಾಶಂಕರ ವರದಿ ತಂದರು. “ನಿಮ್ಮೂರಿನದು ಹತ್ತಕ್ಕೆ ಹತ್ತು, ವಿಮಲಮ್ಮ. ಒಂದೇ ಆಶ್ಚರ್ಯ. ಇವೆರಡು ಮಕ್ಕಳದು ದಶಮಾಂಶದವರೆಗೂ ಒಂದೇ ಅಂಕಿ. ಅವಳಿಗಳಾ?”

“ಅಕ್ಕಪಕ್ಕದ ಮನೆ, ಸಾರ್.”

ಡಾಕ್ಟರು ಹಾಳೆ ನೋಡಿದರು, ವಿಮಲಮ್ಮನವರನ್ನು ನೋಡಿದರು. ಹತ್ತಕ್ಕೆ ಹತ್ತು ಎಂಬುದು ಡಾಕ್ಟರು ಬರೆಯುತ್ತಿದ್ದ ಸಂಶೋಧನಾ ಪ್ರಬಂಧಕ್ಕೂ ಕೆಟ್ಟ ಅಂಕಿಯೇನಲ್ಲ. “ಒಂದೇ ನೀರು, ಒಂದೇ ಗಾಳಿ,” ಎಂದು ಸಹಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಭದ್ರವಾದ ಊರಿಗೆ ತಿಂಗಳಿಗೊಂದು ಶಿಬಿರ ದಂಡವೆಂದು, ಅಲ್ಲಿನ ಮದ್ದಿನ ಮುಕ್ಕಾಲು ಪಾಲನ್ನು ಬೆಟ್ಟದಪುರದ ಕಡೆಗೆ ತಿರುಗಿಸಲಾಯಿತು.

ಮರುವರ್ಷ ಎಲೆ ಕಟ್ಟುವ ಕಾಲಕ್ಕೆ ಬೃಂದಾ ಮತ್ತೆ ಐದು ತಿಂಗಳ ಬಸುರಿ. ಶಿಬಿರದ ದಿನ, ಉಳಿದವರೆಲ್ಲ ಹೋದ ಮೇಲೆ, ಓಡುತ್ತ ಬಂದಳು.

“ಅತ್ತೆ ಬೈದ್ರೂ ಬ್ಯಾರನ್ ಬುಟ್ಟು ಬಂದಿವ್ನಿ ಕಣಕ್ಕ. ಓದ್ಸಲ ಸೂಜಿ ಇಲ್ದೇನೂ ಕೂಸು ಉಳ್ಕತ್ತು, ನನ್ ಪುಣ್ಯ. ಈ ಸಲ ಆಕ್ಬುಡಿ.”

ಬಂದಿದ್ದ ಕಾಲು ಪಾಲು ಮದ್ದು ಮುಗಿದು, ಪೆಟ್ಟಿಗೆಯಲ್ಲಿ ಕರಗಿದ ಐಸಿನ ನೀರು ಮಾತ್ರ ಇತ್ತು. ಮದ್ದಿಲ್ಲ ಎಂದರೆ, ಯಾಕಿಲ್ಲ ಎಂದು ಕೇಳಿಯಾಳು.

ಬೃಂದಾ ರವಿಕೆಯ ತೋಳು ಮಡಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ವಿಮಲಮ್ಮ ಸ್ಪಿರಿಟ್ ಹತ್ತಿಯಿಂದ ಆ ತೋಳನ್ನು ಒರೆಸಿದರು. ಒಂದು ಸಲ ಒರೆಸಿದರೆ ಸಾಕಿತ್ತು. ಒರೆಸುತ್ತಲೇ ಇದ್ದರು.