ಯೆಟ್ಟಾಳ ಸರದಿ

ಆ ಬೆಳಿಗ್ಗೆ ಮಳೆಯೊಳಗೆ ಮಂಜಿನ ಹರಳು ಬೆರೆತು ಬೀಳುತ್ತಿತ್ತು. ಸಾವಿರದ ಒಂಬೈನೂರ ಮೂವತ್ತಮೂರರ ಏಪ್ರಿಲ್, ಜರ್ಮನಿಯ ಹೆಸ್ಸೆ ಸೀಮೆಯ ಆ ಹಳ್ಳಿಯಲ್ಲಿ ಏಪ್ರಿಲ್ ಅಂದರೆ ಹಾಗೆಯೇ. ಎಲ್ಸ್‌ಬೆಟ್ ರೊಟ್ಟಿ ಉಬ್ಬಿಸುವ ಹುಳಿಹಿಟ್ಟಿನ ಬೋಗುಣಿಗೆ ಬಟ್ಟೆ ಮುಚ್ಚಿ, ತಣ್ಣಗಾಗದಂತೆ ಎದೆಗೆ ಅವಚಿಕೊಂಡು ಹೊರಟಿದ್ದಳು.

ಎದುರುಮನೆಯ ಯೆಟ್ಟಾ ಯೆಹೂದ್ಯರವಳು. ಪಸ್ಕ ಹಬ್ಬಕ್ಕೆ ಮನೆಯಲ್ಲಿ ಹುಳಿಹಿಟ್ಟಿನ ಚೂರೂ ಇರಕೂಡದೆಂದು ಅವರು ಎಲ್ಲವನ್ನೂ ತೆಗೆದುಹಾಕುತ್ತಾರೆ. ಹಬ್ಬದ ತೆಳ್ಳನೆಯ ಸಪ್ಪೆ ರೊಟ್ಟಿ ಎಲ್ಸ್‌ಬೆಟ್‌ಳ ಮನೆಗೆ ಬರುತ್ತದೆ. ಹಬ್ಬ ಕಳೆದ ಮರುದಿನ ಇಲ್ಲಿಯ ಹುಳಿಹಿಟ್ಟು ಅಲ್ಲಿಗೆ ಹೋಗುತ್ತದೆ. ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಈ ವರ್ಷದ ರೊಟ್ಟಿಯನ್ನೂ ಮಕ್ಕಳು ಬೆಣ್ಣೆ ಸವರಿ ತಿಂದು ಮುಗಿಸಿದ್ದರು. ನಾಳೆ ಊರೊಟ್ಟಿನ ಒಲೆಮನೆಯಲ್ಲಿ ರೊಟ್ಟಿ ಬೇಯಿಸಲು ಯೆಟ್ಟಾಳ ಸರದಿ, ಮರುದಿನ ಎಲ್ಸ್‌ಬೆಟ್‌ಳದು. ಸರದಿ ಯಾರದೋ ಬೀಗದ ಕೈ ಅವರ ಮನೆಯಲ್ಲಿ.

ಬೀದಿ ನಡುವಿನ ನೀರಿನ ತೊಟ್ಟಿಯ ಬಳಿ ಚರ್ಚಿನ ಗಂಟೆ ಹೊಡೆಯುವವನ ಹೆಂಡತಿ ಡೋರಾ ಸಿಕ್ಕಳು. ಜೊತೆಗೆ ಅಂಚೆಯವನ ಹೆಂಡತಿ ಹುಲ್ಡಾ.

“ಏನಮ್ಮಾ, ಬೋಗುಣಿ ಮೆರವಣಿಗೆ ಯಾರ ಮನೆಗೆ?” ಎಂದಳು ಡೋರಾ.

“ಯೆಟ್ಟಾಗೆ, ಅಕ್ಕ. ಹಬ್ಬ ಮುಗೀತಲ್ಲ.”

“ಹೋದ ತಿಂಗಳು ಹಿಟ್ಲರಿಗೆ ಓಟು ಹಾಕಿ ಬಂದು ಏನಂದಿದ್ದೆ? ದೇಶದ ಕಸ ಗುಡಿಸೋರು ಬರಲಿ ಅಂದಿದ್ದೆ. ಈಗ ನೀನೇ ಕಸಕ್ಕೆ ಊಟ ಹೊತ್ಕೊಂಡು ಹೊರಟಿದೀಯಲ್ಲೇ.”

ಹುಲ್ಡಾ ಕಿಸಕ್ಕನೆ ನಕ್ಕಳು. “ಬಿಡೇ ಡೋರಾ, ಅವರ ರೊಟ್ಟಿ ರುಚಿ ಹತ್ತಿದೆ ಅವಳಿಗೆ.”

“ಹಂಗೇನಿಲ್ಲಕ್ಕ,” ಎಂದಳು ಎಲ್ಸ್‌ಬೆಟ್. “ಇದು ನಮ್ಮನೆಗೇ.” ಬಂದ ದಾರಿಗೆ ತಿರುಗಿದಳು.

ಅಷ್ಟೇ. ಹುಳಿಹಿಟ್ಟು ಕೊಡಬೇಡಿ ಎಂದು ಯಾವ ಸರ್ಕಾರವೂ ಹೇಳಿರಲಿಲ್ಲ. ಹಿಟ್ಲರನ ದಳದ ಕಂದು ಅಂಗಿಯವನೊಬ್ಬನೂ ಬೀದಿಯಲ್ಲಿರಲಿಲ್ಲ. ಇಬ್ಬರು ನಕ್ಕರು, ಮೂರನೆಯವಳು ಹಿಂದಿರುಗಿದಳು. ಮುಂದೆ ಅದೇ ಬೀದಿಯಿಂದ ಯೆಹೂದ್ಯರನ್ನು ಲಾರಿಗೆ ಹತ್ತಿಸಿ ಕೊಲ್ಲಲು ಒಯ್ದಾಗ, ಮೇಲಿನವರ ಆಜ್ಞೆ, ನಾವೇನು ಮಾಡೋಣ ಎಂದವರೂ ಇವರೇ. ದೇವರು ಆ ಮಾತನ್ನೂ ತಾಳ್ಮೆಯಿಂದಲೇ ಕೇಳಿಸಿಕೊಂಡಿರಬೇಕು.

ಮನೆಯಲ್ಲಿ ಎಲ್ಸ್‌ಬೆಟ್ ಬೋಗುಣಿಯನ್ನು ತನ್ನ ಹಿಟ್ಟು ನಾದುವ ಮರಿಗೆಗೆ ಬಗ್ಗಿಸಿದಳು. ದಿನವೂ ಹಿತವಾಗಿದ್ದ ಹುಳಿ ವಾಸನೆ ಇಂದು ವಾಂತಿಯಂತೆ ಮೂಗಿಗೆ ಅಡರಿತು. ಕೈ ತೊಳೆದಳು. ಮತ್ತೆ ತೊಳೆದಳು. ಪ್ರಾರ್ಥನೆಗೆ ಕೂತರೆ, ಅನುದಿನದ ಆಹಾರ ಬೇಡುವ ಮಾತಿನ ಹತ್ತಿರ ನಾಲಿಗೆ ಹೊರಳಲಿಲ್ಲ.

ಸಂಜೆ ಯಾರೋ ಬಾಗಿಲು ತಟ್ಟಿದರು. ಯೆಟ್ಟಾ. ದಿನವಿಡೀ ಕಿಟಕಿಯ ಹಿಂದೆ ಕಾದಿದ್ದಳು. ಎಲ್ಸ್‌ಬೆಟ್ ತೊಟ್ಟಿಯಿಂದ ತಿರುಗಿದ್ದನ್ನೂ ಕಂಡಿದ್ದಳು.

“ಹುಷಾರಾಗಿದೀಯಾ?”

“ಹ್ಞೂಂ, ಯೆಟ್ಟಕ್ಕ. ಈ ಸಲ ಹಿಟ್ಟು... ಯಾಕೋ ಹುಳಿನೇ ಬರಲಿಲ್ಲ.”

ಒಲೆಯ ಪಕ್ಕದ ಮರಿಗೆಯಲ್ಲಿ ಹಿಟ್ಟು ಉಬ್ಬಿ, ಮುಚ್ಚಿದ ಬಟ್ಟೆಯನ್ನೇ ಎತ್ತಿ ನಿಂತಿತ್ತು. ಯೆಟ್ಟಾ ಅದನ್ನು ನೋಡಿದಳು. ಶಾಲಿನೊಳಗಿಂದ ಒಲೆಮನೆಯ ಬೀಗದ ಕೈ ತೆಗೆದಳು.

“ನಾಳೆ ಬೇಯಿಸೋಕೆ ನನ್ನ ಹತ್ರ ಏನೂ ಇಲ್ಲಮ್ಮ. ನನ್ನ ನಂತರ ನಿನ್ನ ಸರದಿ. ಇದು ನಿನಗೇ ಸೇರ್ಬೇಕು.”

ಒಂದು ದಿನ ಮೊದಲೇ ಒಲೆ ಸಿಕ್ಕಿತು ಎಂದು ಎಲ್ಸ್‌ಬೆಟ್‌ಳ ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ಆ ಲೆಕ್ಕಕ್ಕೆ ಅವಳಿಗೇ ಹೇಸಿಗೆಯಾಯಿತು. ಆದರೂ ಚಾಚಿದ ಕೈ ಹಿಂದೆ ಸರಿಯಲಿಲ್ಲ. ಯೆಟ್ಟಾ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲನೆ ಮಡಿಸಿ, ಬೀದಿ ದಾಟಿದಳು.