ವೇರಾಳ ರಿಬ್ಬನ್

ಬ್ಯಾಲೆ ಕುಣಿಯುವವರು ಶೂವನ್ನು ಕಾಲಿಗೆ ಬಿಗಿಯುವ ರಿಬ್ಬನ್ನುಗಳನ್ನು ತಾವೇ ಹೊಲಿದುಕೊಳ್ಳುತ್ತಾರೆ, ಅದು ಅವರ ಪದ್ಧತಿ. ನಮ್ಮ ನಾಟಕದಲ್ಲಿ ಕುಣಿಯುತ್ತಿದ್ದ ಲುದ್ಮಿಲಾ ಮಾತ್ರ ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಸಿಡ್ನಿಯಲ್ಲಿ ಆರು ವಾರ ಅದನ್ನೇ ನೋಡಿದೆ. ನಾಟಕದ ಉಡುಪುಗಳ ರಿಪೇರಿ ನನ್ನ ಕೆಲಸ. ಊರಾಚೆಯ ಟೂಂಗಾಬಿಯ ಮನೆಯಿಂದ ರೈಲಿನಲ್ಲಿ ಬಂದು ಅವಳ ಪಕ್ಕದಲ್ಲೇ ಸೂಜಿಡಬ್ಬಿ ತೆರೆಯುತ್ತಿದ್ದೆ.

ನಾಟಕ ಮೆಲ್ಬರ್ನ್‌ಗೆ ಬಂದ ಮೇಲೆ ಅವಳ ಬೆರಳುಗಳು ಬಾತವು. ಕೊನೆಯ ಮ್ಯಾಟಿನಿಗೆ ಒಂದು ಗಂಟೆಯಿತ್ತು. ಸೂಜಿ ಮೂರು ಸಲ ಕೈಜಾರಿತು.

"ಕೊಡ್ರಿ ಮೇಡಂ, ನಾ ಹೊಲೀತೀನಿ."

"ಬೇಡ ರುದ್ರಾಣಿ. ಮತ್ತೆ ಈ ಮೇಡಂ ಏನು? ಎಲ್ಲರೂ ಲೂಡಾ ಅಂತಾರೆ."

"ನಿಮ್ಮ ಹೆಸರ ಹಿಡದು ಕರದ್ರ ನಮ್ಮವ್ವ ಧಾರವಾಡದಿಂದ ಫೋನ್ ಮಾಡಿ ಬೈತಾಳ್ರಿ."

ಅವಳು ನಗಲಿಲ್ಲ. ಚೀಲದಿಂದ ಒಂಟಿ ಶೂ ತೆಗೆದಳು. ಒಂದು ರಿಬ್ಬನ್ ಶೂವಿನಲ್ಲೇ ಇತ್ತು. ಇನ್ನೊಂದು ಕಿತ್ತು ಬಂದಿತ್ತು, ಅದರಲ್ಲಿ ದಾರ ನೇತಾಡುತ್ತಿತ್ತು.

"ವೇರಾಳದು. ಮೂವತ್ತು ವರ್ಷವಾಯಿತು, ಇದೇ ಊರು. ಅವಳು ನಾಯಕಿ, ಅವಳಿಗೇನಾದರೂ ಆದರೆ ನಾನು. ಅವತ್ತು ಜ್ವರವಿತ್ತು ಅವಳಿಗೆ. ಇವತ್ತೊಂದು ದಿನ ನೀನೇ ಹೊಲಿದುಕೊಡು ಲೂಡಾ ಅಂದಳು. ಎರಡನೇ ಅಂಕದಲ್ಲಿ ರಿಬ್ಬನ್ ಕಿತ್ತುಬಂದು ಬಿದ್ದಳು. ಮತ್ತೆ ಕುಣಿಯಲೇ ಇಲ್ಲ."

ಉಳಿದದ್ದು ನಮ್ಮ ನಾಟಕದ ಪುಸ್ತಿಕೆಯಲ್ಲೇ ಅಚ್ಚಾಗಿತ್ತು. ಆ ಪಾತ್ರದಿಂದ ಲುದ್ಮಿಲಾಗೆ ಹೆಸರು ಬಂದದ್ದು, ಬ್ಯಾಲೆ ತಂಡ ರಷ್ಯಾಕ್ಕೆ ಮರಳಿದರೂ ಅವಳು ಇಲ್ಲೇ ಉಳಿದದ್ದು, ಮಂಡಿ ಸೋತ ಮೇಲೆ ಹಾಡು ಕಲಿತು ಇಂಥ ಹಾಡು-ಕುಣಿತದ ನಾಟಕಗಳಿಗೆ, ಮ್ಯೂಸಿಕಲ್‌ಗಳಿಗೆ, ಬಂದದ್ದು. ವೇರಾಳ ಹೆಸರು ಅದರಲ್ಲಿರಲಿಲ್ಲ.

"ರಂಗಕ್ಕೆ ಹೋಗುವ ಮುಂಚೆ ಪ್ರತಿ ಸಲ ಬೆನ್ನ ಹಿಂದೆ ಅವಳ ಉಸಿರು ಕೇಳುತ್ತೆ. ಹೇಗೆ ಹೊಲಿದೆನೋ ನನಗೆ ನೆನಪಿಲ್ಲ. ಯಾರಿಗೆ ತೋರಿಸಿದರೂ ದಾರ ಹಳೆಯದಿತ್ತು ಅಂದರು. ನೀನು ಹೊಲಿಯುವವಳು. ನೋಡಿ ಹೇಳು, ಆಮೇಲೇ ನಾನು ಏಳೋದು."

ಕಿಟಕಿಯ ಬೆಳಕಿಗೆ ಹಿಡಿದೆ. ಹರಿದ ದಾರದ ತುದಿ ನಾರುನಾರಾಗಿರುತ್ತದೆ. ಇದು ಹೊಲಿದು ಮುಗಿಸಿ ಕತ್ತರಿಸಿದಾಗ ಇದ್ದ ಹಾಗೇ ನೀಟಾಗಿ ಉಳಿದಿತ್ತು, ತುದಿಯಲ್ಲಿ ಗಂಟಿರಲಿಲ್ಲ. ಹೊಲಿಗೆ ಜಾರಿತ್ತು, ಅಷ್ಟೇ. ದಾರ ಹಳೆಯದು ಅನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳ ಬಾತ ಬೆರಳುಗಳನ್ನು ನೋಡಿದೆ.

"ದಾರ ಹರದಿಲ್ರಿ. ಈ ಕಡೆ ಗಂಟ ಹಾಕಿಲ್ಲ."

"ಆ ಕಡೆ?"

"ಹಾಕೀರಿ. ಎರಡೆರಡು."

ಅವಳು ವೇರಾಳ ಶೂವನ್ನು ಮರಳಿ ಚೀಲದಲ್ಲಿಟ್ಟಳು. ಆಮೇಲೆ ತನ್ನ ಶೂಗಳನ್ನು ನನ್ನ ಮಡಿಲಿಗೆ ಹಾಕಿದಳು.

"ಹೊಲಿ."

ಹೊಲಿದೆ. ಗಂಟುಗಳನ್ನು ಅವಳು ಮುಟ್ಟಿಯೂ ನೋಡಲಿಲ್ಲ.

ಕೊನೆಯ ದೃಶ್ಯದಲ್ಲಿ ಅವಳು ಒಬ್ಬಳೇ ಕಾಲ್ಬೆರಳ ತುದಿಯ ಮೇಲೆ ಏಳಬೇಕು. ಎದ್ದಳು. ಆದರೆ ಇಷ್ಟು ವಾರ ಒಮ್ಮೆಯೂ ತಪ್ಪದ ಜಾಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಇನ್ನೊಬ್ಬಳಿಗೆ ಜಾಗ ಬಿಟ್ಟ ಹಾಗೆ ಕತ್ತಲಲ್ಲಿ ನಿಂತಿದ್ದಳು. ಬೆಳಕು ಅವಳ ಪಕ್ಕದ ಖಾಲಿ ನೆಲದ ಮೇಲೆ ಬಿತ್ತು. ಜನ ಅದನ್ನೇ ನೋಡುತ್ತ ಚಪ್ಪಾಳೆ ತಟ್ಟಿದರು.